ಮೂರು ಮೂರು ಸೊನ್ನೆಯ ಲೆಕ್ಕ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಕಾವೇರಿ ಸೇತುವೆಗೆ ಸ್ವಲ್ಪ ಮೊದಲು ಸಿಗುವ ಊರು ಕೊಪ್ಪ. ಪಿರಿಯಾಪಟ್ಟಣ ತಾಲ್ಲೂಕು ಇಲ್ಲಿಗೆ ಮುಗಿಯುತ್ತದೆ. ಹೊಳೆ ದಾಟಿದರೆ ಕೊಡಗಿನ ಕುಶಾಲನಗರ. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಗೆ ಇಲ್ಲಿಂದಲೇ ದಾರಿ. ಸುತ್ತಲೂ ಜೋಳ, ಶುಂಠಿ, ಹೊಗೆಸೊಪ್ಪು ಬೆಳೆಯುವ ಹೊಲಗಳು. ಹೊಲವಿದ್ದಲ್ಲಿ ಬೋರ್‌ವೆಲ್, ಬೋರ್‌ವೆಲ್ ಇದ್ದಲ್ಲಿ ಸುಟ್ಟುಹೋಗುವ ಮೋಟಾರು. ಹಾಗಾಗಿ ಇಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿಗೆ ಬೇಸಿಗೆಯಲ್ಲಿ ಊಟಕ್ಕೂ ಬಿಡುವಿರುವುದಿಲ್ಲ.

ಅಂಥದೊಂದು ವೈಂಡಿಂಗ್ ಅಂಗಡಿಯ ಮಾಲೀಕನ ಮಗ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಹೊಳೆಯಾಚೆ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಿದ. ಅಪ್ಪ ಓದಿದ್ದು ಏಳನೇ ತರಗತಿ. ಮಗ ಇಂಜಿನಿಯರ್ ಆಗುತ್ತಾನೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದ. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂತು. 20ಕ್ಕೆ 8.

ಅಪ್ಪ ಬೈಯಲಿಲ್ಲ. ಅದೇ ಹುಡುಗನಿಗೆ ಹೆಚ್ಚು ನೋವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಹೆಂಡತಿಗೆ ಮೆಲ್ಲಗೆ ಹೇಳಿದ್ದು ಒಳಕೋಣೆಗೆ ಕೇಳಿಸಿತು: ‘ಅವನ ತಲೆಗೆ ಇದು ಹತ್ತೋದಲ್ಲ ಅಂತ ಕಾಣುತ್ತೆ. ಫೀಸು ಕಟ್ಟಿ ಕಟ್ಟಿ ಕೊನೆಗೆ ಅಂಗಡೀಗೇ ಬರೋದಾದ್ರೆ, ಈಗ್ಲೇ ಬಂದು ಕೂತ್ಕೊಳ್ಳಲಿ.’

‘ಒಂದು ಪರೀಕ್ಷೆ ನೋಡಿ ಹಂಗನ್ನಬೇಡಿ,’ ಎಂದಳು ತಾಯಿ.

ಹತ್ತು ಪಟ್ಟಿನ ತಪ್ಪು

ಹುಡುಗ ಸೋಮಾರಿಯಲ್ಲ. ಉತ್ತರಪತ್ರಿಕೆಯನ್ನು ಮತ್ತೆ ಮತ್ತೆ ನೋಡಿದ. ಸೂತ್ರ ಸರಿಯಿತ್ತು. ಹಂತಗಳು ಸರಿಯಿದ್ದವು. ಕೊನೆಯ ಉತ್ತರ ಮಾತ್ರ ಪ್ರತಿ ಲೆಕ್ಕದಲ್ಲೂ ತಪ್ಪು. ಅಂಕಿಗಳೂ ಸರಿಯೇ, ದಶಮಾಂಶದ ಚುಕ್ಕಿ ಒಂದು ಮನೆ ಆಚೀಚೆ. ಒಂದು ಲೆಕ್ಕದಲ್ಲಿ ಹೀಗಾದರೆ ಕೈತಪ್ಪು ಎನ್ನಬಹುದು. ಎಲ್ಲ ಲೆಕ್ಕದಲ್ಲೂ ಹತ್ತೇ ಪಟ್ಟು ವ್ಯತ್ಯಾಸ ಬಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣ ಸಿಕ್ಕಿದ್ದು ಬಸ್ಸಿನಲ್ಲಿ. ಅದೇ ಕಾಲೇಜಿನ ಕೊನೆಯ ವರ್ಷದ ಹುಡುಗಿಯೊಬ್ಬಳು ಪಕ್ಕದ ಊರಿನವಳು. ‘ಅಕ್ಕಾ, ಇದನ್ನೊಂದು ನೋಡಿ’ ಎಂದು ಹುಡುಗ ಪತ್ರಿಕೆ ಚಾಚಿದ. ಪ್ರಶ್ನೆ ಇಷ್ಟೇ: 2.5 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಅನ್ನು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಜೋಡಿಸಿದರೆ ಹರಿಯುವ ಕರೆಂಟ್ ಎಷ್ಟು? ಸರಿಯುತ್ತರ ಸುಮಾರು 0.18 ಆಂಪಿಯರ್. ಹುಡುಗನದು 1.8.

‘ನೀನು ಕ್ಯಾಲ್ಕುಲೇಟರ್ ಒತ್ತೋದು ಹೇಗೆ, ತೋರಿಸು,’ ಎಂದಳು ಅವಳು. ಹುಡುಗ ಒತ್ತಿದ: 2.5, ಗುಣಿಸು, 10, ಆಮೇಲೆ ‘ಎಕ್ಸ್‌ಪ್’ ಕೀಲಿ, ಆಮೇಲೆ ಮೈನಸ್ 6. ಅವಳು ನಕ್ಕುಬಿಟ್ಟಳು. ‘ಆ ಕೀಲಿಯೊಳಗೇ ಗುಣಿಸು ಹತ್ತು ಇದೆಯೋ. ನೀನು ಇನ್ನೊಂದು ಹತ್ತು ಸೇರಿಸ್ತಿದ್ದೀಯ.’

ಇದು ಎಷ್ಟೋ ಮಕ್ಕಳು ಮಾಡುವ ತಪ್ಪು. ‘ಎಕ್ಸ್‌ಪ್’ ಎಂಬ ಕೀಲಿಯ ಅರ್ಥ ‘ಗುಣಿಸು ಹತ್ತರ ಘಾತ’ ಎಂದು. 2.5 ಒತ್ತಿ, ನೇರವಾಗಿ ಎಕ್ಸ್‌ಪ್, ನಂತರ ಮೈನಸ್ 6 ಎಂದರೆ ಸಾಕು. ಪುಸ್ತಕದಲ್ಲಿ ಬರೆದಂತೆಯೇ ಹತ್ತನ್ನೂ ಒತ್ತಿದರೆ ಯಂತ್ರ 2.5 ಅನ್ನು 25 ಮಾಡಿಕೊಂಡು ಮುಂದೆ ಸಾಗುತ್ತದೆ. ಅದು ದೂರುವುದಿಲ್ಲ, ಕೆಂಪು ದೀಪ ಹಚ್ಚುವುದಿಲ್ಲ. ಅಚ್ಚುಕಟ್ಟಾಗಿ ತಪ್ಪು ಉತ್ತರ ಕೊಡುತ್ತದೆ.

ಅವಳ ಕ್ಯಾಲ್ಕುಲೇಟರಿನಲ್ಲಿ ಈ ಹತ್ತರ ಘಾತದ ಗೋಜೇ ಇರಲಿಲ್ಲ. 2.5 ಒತ್ತಿ, ಶಿಫ್ಟ್ ಕೀಲಿಯ ಜೊತೆ ಮೈಕ್ರೊದ ಗುರುತನ್ನು ಒತ್ತಿದಳು. ಉತ್ತರ ಬಂದಾಗಲೂ ಪರದೆಯ ಮೇಲೆ 180.6, ಪಕ್ಕದಲ್ಲಿ ಮಿಲಿಯ ಗುರುತು. ಅಂದರೆ 180.6 ಮಿಲಿಆಂಪಿಯರ್. ಹುಡುಗ ಬೆರಗಾದ. ಇಂಥದೊಂದು ತನಗೂ ಬೇಕು ಎನಿಸಿತು.

ಲಕ್ಷ ಒಂದು ಕಡೆ, ಮೆಗಾ ಇನ್ನೊಂದು ಕಡೆ

ಈ ಕಿಲೊ, ಮೆಗಾ, ಮಿಲಿ, ಮೈಕ್ರೊಗಳನ್ನು ಪಠ್ಯಪುಸ್ತಕ ಪೂರ್ವಪ್ರತ್ಯಯಗಳು ಎನ್ನುತ್ತದೆ. ಅಳತೆಯ ಹೆಸರಿನ ಹಿಂದೆ ಕುಳಿತು ಅದನ್ನು ಹಿಗ್ಗಿಸುವ, ಕುಗ್ಗಿಸುವ ತುಣುಕುಗಳು ಇವು. ಕಿಲೊ, ಮಿಲಿ ಮೊದಲಾದವು 1795ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಮೆಟ್ರಿಕ್ ಪದ್ಧತಿಯ ಜೊತೆಗೇ ಬಂದವು. ಮೆಗಾ, ಮೈಕ್ರೊಗಳನ್ನು ವಿಜ್ಞಾನಿಗಳು 1873ರಲ್ಲಿ ಒಪ್ಪಿಕೊಂಡರು. 1960ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿ ರೂಪುಗೊಂಡಾಗ ಗಿಗಾ, ಟೆರಾ, ನ್ಯಾನೊ, ಪಿಕೊ ಸೇರಿದವು. ಗಿಗಾ ಎಂದರೆ ಗ್ರೀಕ್ ಭಾಷೆಯಲ್ಲಿ ದೈತ್ಯ, ನ್ಯಾನೊ ಎಂದರೆ ಕುಳ್ಳ. ಕಂಪ್ಯೂಟರುಗಳ ಮಾಹಿತಿ ಬೆಟ್ಟದಂತೆ ಬೆಳೆದದ್ದರಿಂದ 2022ರಲ್ಲಿ ರೊನ್ನಾ, ಕ್ವೆಟ್ಟಾ ಎಂಬ ಇನ್ನೂ ದೊಡ್ಡವು ಬಂದವು.

ಇವುಗಳಲ್ಲಿ ಇಂಜಿನಿಯರುಗಳು ಹೆಚ್ಚಾಗಿ ಬಳಸುವವು ಮೂರು ಮೂರು ಸೊನ್ನೆಯ ಮೆಟ್ಟಿಲು ಹತ್ತುತ್ತವೆ, ಇಳಿಯುತ್ತವೆ. ಸಾವಿರಕ್ಕೆ ಕಿಲೊ, ಅದರ ಸಾವಿರ ಪಟ್ಟು ಮೆಗಾ, ಅದರ ಸಾವಿರ ಪಟ್ಟು ಗಿಗಾ. ಇಳಿಯುವಾಗ ಸಾವಿರದಲ್ಲಿ ಒಂದು ಪಾಲು ಮಿಲಿ, ಅದರ ಸಾವಿರದಲ್ಲಿ ಒಂದು ಪಾಲು ಮೈಕ್ರೊ, ಮತ್ತೆ ನ್ಯಾನೊ, ಪಿಕೊ.

ಕನ್ನಡದ ಮಕ್ಕಳಿಗೆ ತೊಡಕು ಇಲ್ಲೇ ಇದೆ. ಅವರು ಕಲಿತ ಎಣಿಕೆ ಸಾವಿರದ ನಂತರ ಎರಡೆರಡು ಸೊನ್ನೆಗೆ ಹೆಸರು ಬದಲಿಸುತ್ತದೆ: ಸಾವಿರ, ಲಕ್ಷ, ಕೋಟಿ. ಲಕ್ಷ ಯಾವ ಮೆಟ್ಟಿಲಿನ ಮೇಲೂ ಕೂರುವುದಿಲ್ಲ. ಅದು 100 ಕಿಲೊ. ಕೋಟಿ ಎಂದರೆ 10 ಮೆಗಾ. 100 ಕೋಟಿಗೆ ಬಂದಾಗ ಮಾತ್ರ ಎರಡು ಲೆಕ್ಕಗಳೂ ಕೈಕುಲುಕುತ್ತವೆ. ಅದು ಒಂದು ಗಿಗಾ. ಇದು ಮಕ್ಕಳ ದಡ್ಡತನವಲ್ಲ. ಎರಡು ಎಣಿಕೆಯ ಪದ್ಧತಿಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಕಷ್ಟ.

ಹಾಗೆಂದು ದೊಡ್ಡ ಸಂಖ್ಯೆ ಈ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಚಿಕ್ಕದರ ಲೆಕ್ಕವೂ ಇತ್ತು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು, ಹದಿನಾರರಲ್ಲಿ ಒಂದು ಪಾಲಾದ ವೀಸವನ್ನು ಹಳಬರು ಬಾಯಲ್ಲೇ ಹೇಳುತ್ತಿದ್ದರು.

ಪದ್ಧತಿ ಬದಲಾದಾಗ ದೊಡ್ಡವರೂ ತಡವರಿಸಿದ್ದಾರೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕ ಜಾರಿಯಾಗತೊಡಗಿತು. ಸೇರು, ಮಣ, ಕೊಳಗ, ಖಂಡುಗಗಳಲ್ಲಿ ಬದುಕಿದ್ದವರು ಕಿಲೋಗ್ರಾಂ ಕಲಿಯಬೇಕಾಯಿತು. 80 ತೊಲೆಯ ಸೇರು ಒಂದು ಕಿಲೋಗಿಂತ ಸ್ವಲ್ಪ ಕಡಿಮೆ, 933 ಗ್ರಾಂ. ಆ ವ್ಯತ್ಯಾಸದಲ್ಲಿ ಮೋಸ ಹೋದವರೂ ಉಂಟು, ಲಾಭ ಮಾಡಿಕೊಂಡವರೂ ಉಂಟು. ಕೊನೆಗೆ ಎಲ್ಲರೂ ಕಲಿತರು. ಸಂತೆಯಲ್ಲಿ ದಿನಾ ಕೈಯಲ್ಲಿ ಹಿಡಿದು ತೂಗಿದ್ದರಿಂದ ಕಲಿತರು.

ಅಂಗಡಿ ಅಂಗಡಿ ಹುಡುಕಾಟ

ಕುಶಾಲನಗರದ ಅಂಗಡಿಯಲ್ಲಿ ‘ಇಂಜಿನಿಯರಿಂಗ್ ಕ್ಯಾಲ್ಕುಲೇಟರ್ ಕೊಡಿ’ ಎಂದು ಹುಡುಗ ಕೇಳಿದ. ಅಂಗಡಿಯವರು ಕೊಟ್ಟಿದ್ದು ಅವನ ಬಳಿ ಇದ್ದಂಥದೇ ಇನ್ನೊಂದು. ‘ಇದ್ರಲ್ಲೂ ಇಎನ್‌ಜಿ ಅಂತ ಬರೆದಿದೆ ನೋಡು’ ಎಂದರು. ನಿಜ, ಬರೆದಿತ್ತು. ಆದರೆ ಅದು ಬೇರೆ, ಇದು ಬೇರೆ.

ಇಎನ್‌ಜಿ ಎಂಬ ಕೀಲಿ ಸಾಮಾನ್ಯವಾಗಿ ಎಲ್ಲ ಸೈಂಟಿಫಿಕ್ ಕ್ಯಾಲ್ಕುಲೇಟರುಗಳಲ್ಲೂ ಇರುತ್ತದೆ. ಬಂದ ಉತ್ತರವನ್ನು ಹತ್ತರ ಘಾತ 3, 6, ಮೈನಸ್ 3, ಮೈನಸ್ 6 ಹೀಗೆ ಮೂರರ ಮೆಟ್ಟಿಲಿಗೆ ತಂದು ತೋರಿಸುವುದಷ್ಟೇ ಅದರ ಕೆಲಸ. 1975ರಲ್ಲಿ ಬಂದ ಎಚ್‌ಪಿ-25 ಎಂಬ ಕೈಯಂತ್ರದಲ್ಲೇ ಈ ಅನುಕೂಲವಿತ್ತು. ಕಿಲೊ, ಮಿಲಿ, ಮೈಕ್ರೊಗಳ ಗುರುತನ್ನೇ ಒತ್ತಿ ಲೆಕ್ಕ ಹಾಕುವುದು, ಉತ್ತರದಲ್ಲೂ ಗುರುತನ್ನೇ ಕಾಣುವುದು ಇನ್ನೊಂದು ಸೌಲಭ್ಯ. ಕ್ಯಾಸಿಯೊ ಕಂಪನಿಯ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೊದಲನೆಯದು ಮಾತ್ರ ಇದೆ. ಎಫ್‌ಎಕ್ಸ್-991ಎಂಎಸ್‌ನಲ್ಲಿ ಎರಡೂ ಇವೆ. ಆದರೆ ಮೋಡ್‌ನಲ್ಲಿ ಹುಡುಕಿ ಅದನ್ನು ಚಾಲೂ ಮಾಡಿಕೊಳ್ಳಬೇಕು. 991ಇಎಕ್ಸ್‌ನಲ್ಲೂ ಉಂಟು, ಅಲ್ಲಿ ಸೆಟಪ್‌ಗೆ ಹೋಗಬೇಕು. ಹೆಸರಿನಲ್ಲಿ 991 ಇದ್ದ ಮಾತ್ರಕ್ಕೆ ಎಲ್ಲ ಮಾದರಿಗಳೂ ಒಂದೇ ಎಂದು ತಿಳಿಯುವಂತಿಲ್ಲ. ಅಂಗಡಿಯಲ್ಲೇ 9 ಭಾಗಿಸು 10 ಎಂದು ಒತ್ತಿ ನೋಡಬೇಕು. 0.9ರ ಬದಲು 900, ಜೊತೆಗೆ ಮಿಲಿಯ ಗುರುತು ಬಂದರೆ ಬೇಕಾದ ಯಂತ್ರ ಅದೇ.

ಮೈಸೂರಿಗೆ ತಾಮ್ರದ ತಂತಿ ತರಲು ಹೊರಟ ಅಪ್ಪ, ಮಗನನ್ನೂ ಕರೆದುಕೊಂಡು ಹೋದ. ಸುಮಾರು 80 ಕಿಲೋಮೀಟರ್ ಬಸ್ಸಿನಲ್ಲಿ ಇಬ್ಬರ ನಡುವೆ ಹೆಚ್ಚು ಮಾತಿಲ್ಲ. ದೇವರಾಜ ಅರಸು ರಸ್ತೆಯ ಕಡೆ ಎರಡು ಮೂರು ಅಂಗಡಿ ಹತ್ತಿಳಿದ ಮೇಲೆ ಅದು ಸಿಕ್ಕಿತು. ಬೆಲೆ ಕೇಳಿ ಅಪ್ಪ ಜೇಬಿನಲ್ಲಿದ್ದ ನೋಟುಗಳನ್ನು ಎರಡು ಸಲ ಎಣಿಸಿದ. ಆವತ್ತು ತಂತಿ ಸ್ವಲ್ಪ ಕಡಿಮೆ ತಂದ. ‘ಇದ್ರಿಂದ ಮಾರ್ಕ್ಸು ಬರುತ್ತಾ?’ ಎಂದು ಕೇಳಿದ. ಹುಡುಗ ‘ಬರುತ್ತೆ ಅಪ್ಪಾ’ ಎಂದ. ಹಾಗೆ ಹೇಳುವಾಗ ಅವನಿಗೇ ಪೂರ್ತಿ ಧೈರ್ಯವಿರಲಿಲ್ಲ.

180 ಆಂಪಿಯರ್ ಫ್ಯಾನು

ಅದೇ ರಾತ್ರಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಹುಡುಗ ಹಳೆಯ ಲೆಕ್ಕವನ್ನೇ ಹೊಸ ಯಂತ್ರದಲ್ಲಿ ಮಾಡಿದ. ಉತ್ತರ ಬಂತು: 180.6. ಖುಷಿಯಿಂದ ಅಪ್ಪನಿಗೆ ಓದಿ ಹೇಳಿದ: ‘ಎರಡೂವರೆ ಮೈಕ್ರೊಫ್ಯಾರಡ್‌ಗೆ 180 ಆಂಪಿಯರ್.’

ಅಪ್ಪ ಕೈಯಲ್ಲಿದ್ದ ಕಾಯಿಲ್ ಕೆಳಗಿಟ್ಟ. ‘ಎರಡೂವರೆ ಅಂದ್ರೆ ಫ್ಯಾನಿನ ಕಂಡೆನ್ಸರ್ ಅಲ್ವೇನೋ?’

‘ಹೌದಪ್ಪಾ.’

‘ಐದು ಎಚ್‌ಪಿ ಮೋಟಾರೇ ಏಳೂವರೆ ಆಂಪಿಯರ್ ಎಳೆಯುತ್ತೆ. ಒಂದು ಫ್ಯಾನು ಅರ್ಧ ಆಂಪಿಯರೂ ಎಳೆಯಲ್ಲ. ಅದರ ಕಂಡೆನ್ಸರ್ 180 ಎಳೆದ್ರೆ ಕಂಬದ ಫ್ಯೂಸೇ ಹೋಗುತ್ತೆ ಕಣೋ. ಸರಿಯಾಗಿ ನೋಡು.’

ಹುಡುಗ ನೋಡಿದ. ಆ ಯಂತ್ರದಲ್ಲಿ ಮೈಕ್ರೊದ ಗುರುತು 4ರ ಮೇಲೆ, ಮಿಲಿಯದು ಅದರ ಪಕ್ಕದ 5ರ ಮೇಲೆ. ಬೆರಳು ಒಂದು ಮನೆ ಸರಿದಿತ್ತು. ಅಂಕಿಗಳು ಒಂದೂ ಬದಲಾಗದೆ ಉತ್ತರ ಸಾವಿರ ಪಟ್ಟು ಬೆಳೆದಿತ್ತು. ಊರಿಗೆಲ್ಲ ಕರೆಂಟ್ ಕೊಡುವ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಪೂರ್ಣ ಕರೆಂಟೇ ಪ್ರತಿ ಫೇಸ್‌ಗೆ ಸುಮಾರು 133 ಆಂಪಿಯರ್. ಮಗನ ಲೆಕ್ಕದಲ್ಲಿ ಅಂಗೈಯಗಲದ ಫ್ಯಾನ್ ಕಂಡೆನ್ಸರ್ ಅದನ್ನೂ ಮೀರಿತ್ತು.

ಏಳನೇ ತರಗತಿ ಓದಿದವನು ಸೂತ್ರವಿಲ್ಲದೆ ಈ ತಪ್ಪು ಹಿಡಿದದ್ದು ಹೇಗೆ? ಅವನಿಗೆ ಅಳತೆಯ ಅಂದಾಜು ಇತ್ತು. ಮೈಕ್ರೊ ಎಂದರೆ ಹತ್ತರ ಘಾತ ಮೈನಸ್ 6 ಎಂದು ಅವನು ಓದಿಲ್ಲ. ಆದರೆ ಎರಡೂವರೆಯ ಕಂಡೆನ್ಸರ್ ಎಷ್ಟು ದಪ್ಪ, ಪಂಪಿನ ಕಂಡೆನ್ಸರ್ ಎಷ್ಟು ದಪ್ಪ, ಯಾವ ತಂತಿ ಎಷ್ಟು ಆಂಪಿಯರಿಗೆ ಬಿಸಿಯಾಗುತ್ತದೆ ಎಂಬುದು ಅವನ ಕೈಗೆ ಗೊತ್ತು. ಮಗನಿಗೆ ಸೂತ್ರ ಗೊತ್ತಿತ್ತು, ಅಂದಾಜು ಇರಲಿಲ್ಲ. ಎರಡೂ ಸೇರಿದರೆ ಇಂಜಿನಿಯರ್.

ಹಿಂದಿನ ತಲೆಮಾರಿನ ಇಂಜಿನಿಯರುಗಳು ಸ್ಲೈಡ್ ರೂಲ್ ಎಂಬ ಜಾರುಪಟ್ಟಿಯಲ್ಲಿ ಲೆಕ್ಕ ಮಾಡುತ್ತಿದ್ದರು. ಅದು 1806 ಎಂಬ ಅಂಕಿಗಳನ್ನು ಮಾತ್ರ ತೋರಿಸುತ್ತಿತ್ತು. ಚುಕ್ಕಿ ಎಲ್ಲಿ ಎಂಬುದನ್ನು ಮನಸ್ಸಿನಲ್ಲೇ ಅಂದಾಜು ಮಾಡಿ ಇಡಬೇಕಿತ್ತು. ಹಾಗಾಗಿ ಪ್ರತಿ ಲೆಕ್ಕಕ್ಕೂ ಮೊದಲು ‘ಉತ್ತರ ಸುಮಾರು ಎಷ್ಟಿರಬೇಕು’ ಎಂದು ಯೋಚಿಸುವುದು ಅಭ್ಯಾಸವಾಗಿತ್ತು. 1972ರಲ್ಲಿ ಎಚ್‌ಪಿ-35 ಎಂಬ ಕೈಯಂತ್ರ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಜಾರುಪಟ್ಟಿ ಮೂಲೆ ಸೇರಿತು. ಅದರ ಜೊತೆ ಆ ಅಭ್ಯಾಸವೂ ಮೂಲೆ ಸೇರಬೇಕಿರಲಿಲ್ಲ.

ಮನೆಯಲ್ಲೇ ಇರುವ ಪಾಠ

ಅಂದಾಜು ಕಲಿಸಲು ತಂದೆ ತಾಯಿ ಇಂಜಿನಿಯರ್ ಆಗಿರಬೇಕಿಲ್ಲ. ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲೇ ಕಿಲೋವ್ಯಾಟ್ ಇದೆ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. 100 ವ್ಯಾಟಿನ ಬಲ್ಬ್ 10 ಗಂಟೆ ಉರಿದರೆ ಒಂದು ಯೂನಿಟ್. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವ್ಯಾಟ್, ಅದನ್ನು 2.05 ಗಿಗಾವ್ಯಾಟ್ ಎಂದರೂ ಒಂದೇ. ಇದನ್ನು ಮಗುವೇ ಹೇಳುವಂತೆ ಮಾಡಬೇಕು.

ಮಳೆಗಾಲದಲ್ಲಿ ಕೊಪ್ಪದವರೆಲ್ಲ ಕೇಳುವ ಮಾತು ‘ಹಾರಂಗಿ ತುಂಬಿತಾ?’ ಅದರ ಸಾಮರ್ಥ್ಯ 8.5 ಟಿಎಂಸಿ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ 100 ಕೋಟಿ ಘನ ಅಡಿ. ಮೆಟ್ರಿಕ್ ಅಲ್ಲದಿದ್ದರೂ ಇದೂ ಒಂದು ಗಿಗಾ ಲೆಕ್ಕವೇ. ಒಂದು ಟಿಎಂಸಿಗೆ ಸುಮಾರು 2,830 ಕೋಟಿ ಲೀಟರ್, ಅಂದರೆ 28.3 ಗಿಗಾಲೀಟರ್. ದಿನಪತ್ರಿಕೆಯಲ್ಲಿ ಜಲಾಶಯದ ಮಟ್ಟ ಓದುವ ಅಪ್ಪ ಈ ಒಂದು ಪರಿವರ್ತನೆಯನ್ನು ಮಗಳಿಂದ ಮಾಡಿಸಿದರೆ ಅದು ಹತ್ತು ಅಭ್ಯಾಸ ಲೆಕ್ಕಗಳಿಗೆ ಸಮ.

ಆ ಹುಡುಗನ ಮನೆಯಲ್ಲಿ ಇನ್ನೊಂದು ಪಾಠವೂ ಇತ್ತು. ತಾಯಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುವ ಥೈರಾಯ್ಡ್ ಮಾತ್ರೆಯ ಮೇಲೆ ‘100 ಎಂಸಿಜಿ’ ಎಂದಿತ್ತು. ಹೊಸ ಯಂತ್ರ ಬಂದ ವಾರ ಹುಡುಗ ಅದನ್ನು ಕೈಗೆತ್ತಿಕೊಂಡು ನೋಡಿದ. ಅದು 100 ಮೈಕ್ರೊಗ್ರಾಂ, ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು. ಮೈಕ್ರೊದ ಗ್ರೀಕ್ ಗುರುತನ್ನು ಕೈಬರಹದಲ್ಲಿ ಮಿಲಿ ಎಂದು ಓದಿಬಿಡುವ ಅಪಾಯವಿರುವುದರಿಂದಲೇ ಔಷಧದ ವಿಷಯದಲ್ಲಿ ‘ಎಂಸಿಜಿ’ ಎಂದು ಬಿಡಿಸಿ ಬರೆಯುವುದು. ಒಂದು ಅಕ್ಷರ ಜಾರಿದರೆ ಸಾವಿರ ಪಟ್ಟು. ಪರೀಕ್ಷೆಯಲ್ಲಿ ಅದು ಎರಡು ಅಂಕ, ಔಷಧದಲ್ಲಿ ಒಂದು ಜೀವ. ಅವನು ಮಾತ್ರೆಯನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟ.

ಕೊಳ್ಳುವ ಮೊದಲು

ಪೂರ್ವಪ್ರತ್ಯಯ ಬಲ್ಲ ಕ್ಯಾಲ್ಕುಲೇಟರ್ ಒಳ್ಳೆಯ ಸಲಕರಣೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದುವವರಿಗೆ ಸಮಯ ಉಳಿಯುತ್ತದೆ, ಹತ್ತರ ಘಾತದ ತಪ್ಪು ಕಡಿಮೆಯಾಗುತ್ತದೆ. ಆದರೆ ಕೊಳ್ಳುವ ಮೊದಲು ಆ ಪರೀಕ್ಷೆಗೆ ಯಾವ ಮಾದರಿಗೆ ಅನುಮತಿ ಇದೆ ಎಂದು ಕಾಲೇಜಿನಲ್ಲಿ ಕೇಳಿಕೊಳ್ಳಬೇಕು. ಸಿಇಟಿ, ಜೆಇಇ ಮೇನ್ ಪರೀಕ್ಷೆಗಳಿಗೆ ಕ್ಯಾಲ್ಕುಲೇಟರ್ ಒಯ್ಯುವಂತೆಯೇ ಇಲ್ಲ. ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಕ್ಯಾಲ್ಕುಲೇಟರನ್ನೇ ಬಳಸಬೇಕು. ಅಲ್ಲೆಲ್ಲ ಹತ್ತರ ಘಾತವನ್ನು ತಾವೇ ನಿಭಾಯಿಸಬೇಕು. ಆದ್ದರಿಂದ ಘಾತಗಳ ಲೆಕ್ಕ ಕೈಯಲ್ಲಿ ಬರುವ ತನಕ ಗುರುತಿನ ಯಂತ್ರಕ್ಕೆ ಆತುರ ಬೇಡ.

ಒಂದೇ ಅಕ್ಷರದ ದೊಡ್ಡದು ಚಿಕ್ಕದರ ಮೇಲೂ ಕಣ್ಣಿರಲಿ. ಇಂಗ್ಲಿಷಿನ ಚಿಕ್ಕ ಎಂ ಮಿಲಿ, ದೊಡ್ಡ ಎಂ ಮೆಗಾ. ಅವೆರಡರ ನಡುವೆ 100 ಕೋಟಿ ಪಟ್ಟು ಅಂತರ. ಉತ್ತರ ಬರೆಯುವ ಮೊದಲು ಒಂದು ಕ್ಷಣ ನಿಂತು ಮನಸ್ಸಿನಲ್ಲೇ ಸ್ಥೂಲವಾಗಿ ಲೆಕ್ಕ ಹಾಕಬೇಕು. ಆ ಫ್ಯಾನಿನ ಲೆಕ್ಕದಲ್ಲಿ 300 ಗುಣಿಸು 230 ಎಂದರೆ ಸುಮಾರು 70 ಸಾವಿರ, ಅದರ ಎರಡೂವರೆ ಪಟ್ಟು ಒಂದೂಮುಕ್ಕಾಲು ಲಕ್ಷ, ಮೈಕ್ರೊ ಎಂದರೆ ಹತ್ತು ಲಕ್ಷದಿಂದ ಭಾಗಿಸು, ಉತ್ತರ 0.17ರ ಆಸುಪಾಸು. ಇದಕ್ಕೆ ಅರ್ಧ ನಿಮಿಷ ಸಾಕು. ಇಲ್ಲಿ ಲಕ್ಷ, ಮುಕ್ಕಾಲು ಎಂಬ ಮನೆಯ ಲೆಕ್ಕವೇ ಕೆಲಸಕ್ಕೆ ಬಂತು ಎಂಬುದನ್ನೂ ಗಮನಿಸಬೇಕು.

ಮುಂದಿನ ಕಿರುಪರೀಕ್ಷೆಯಲ್ಲಿ ಹುಡುಗನಿಗೆ ಬಂದದ್ದು 20ಕ್ಕೆ 15. ಐದು ಅಂಕ ಬೇರೆ ತಪ್ಪಿಗೆ ಹೋಯಿತು. ಅದಕ್ಕೆ ಯಾವ ಯಂತ್ರದಲ್ಲೂ ಕೀಲಿಯಿಲ್ಲ, ಓದಬೇಕಷ್ಟೇ. ಅಂಗಡಿಗೆ ಬಂದು ಕೂರು ಎಂಬ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಆದರೆ ಹುಡುಗ ತಾನಾಗಿಯೇ ಸಂಜೆ ಅರ್ಧ ಗಂಟೆ ಅಂಗಡಿಯಲ್ಲಿ ಕೂರತೊಡಗಿದ. ಲೆಕ್ಕ ಮುಗಿದ ಮೇಲೆ ಪರದೆ ನೋಡುವ ಮೊದಲು ಕೇಳುತ್ತಾನೆ: ‘ಅಪ್ಪಾ, ಇದು ಸುಮಾರು ಎಷ್ಟು ಎಳೀಬಹುದು?’

ಅಪ್ಪ ಕೈಯಲ್ಲಿರುವ ತಂತಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಒಂದು ಅಂಕಿ ಹೇಳುತ್ತಾನೆ. ಆಮೇಲೆ ಇಬ್ಬರೂ ಕ್ಯಾಲ್ಕುಲೇಟರ್ ನೋಡುತ್ತಾರೆ.